ಕುರುಗೋಡಿನ ದಾರಿಯಲ್ಲಿ ಕಾಸು ಕೇಳದ ಬಾಗಿಲುಗಳು

ಬಳ್ಳಾರಿಯಿಂದ ಉತ್ತರಕ್ಕೆ ಸುಮಾರು 30 ಕಿ.ಮೀ. ಸಾಗಿದರೆ, ಯಾರೋ ಕೈಯಾರೆ ಬಂಡೆಯ ಮೇಲೆ ಬಂಡೆ ಪೇರಿಸಿಟ್ಟಂತಹ ಗುಡ್ಡಗಳ ಬುಡದಲ್ಲಿ ಕುರುಗೋಡು ಕಾಣಿಸುತ್ತದೆ. ಬೇಸಿಗೆಯ ಮಧ್ಯಾಹ್ನ ಈ ಬಂಡೆಗಳು ಕಾದ ಹೆಂಚಿನಂತಾಗುತ್ತವೆ. ಆದರೆ ಗುಡ್ಡದಿಂದ ಕೆಳಗೆ ಕಣ್ಣು ಹಾಯಿಸಿದರೆ ನೋಟವೇ ಬೇರೆ. ತುಂಗಭದ್ರಾ ಬಲದಂಡೆ ಕಾಲುವೆಗಳ ನೀರು ಹರಿದ ಕಡೆಯೆಲ್ಲ ಭತ್ತದ ಹಸಿರು. ಕಪ್ಪು ಎರೆಭೂಮಿಯಲ್ಲಿ ಹತ್ತಿ, ಮೆಣಸಿನಕಾಯಿ. ನಡುನಡುವೆ ಅಗಲವಾದ ಎಲೆಗಳ ಅಂಜೂರದ ತೋಟ.

ಊರಿಗೆ ಹೊಸದಾಗಿ ಬಂದವರು ಮೊದಲು ಹೋಗುವುದು ದೊಡ್ಡಬಸವೇಶ್ವರನ ದರ್ಶನಕ್ಕೆ. ಶಿವನ ಎದುರು ಮಂಡಿಯೂರಿ ಕೂತ ಬಸವನನ್ನು ನಾಡಿನ ಎಲ್ಲ ಕಡೆ ನೋಡಬಹುದು. ಇಲ್ಲಿ ಬಸವಣ್ಣನೇ ಮುಖ್ಯ ದೇವರು. ಆಳೆತ್ತರವನ್ನು ಮೀರಿದ ಈ ಏಕಶಿಲೆಯ ಮೂರ್ತಿಯ ಮುಂದೆ ನಿಂತವರಿಗೆ ಕತ್ತೆತ್ತದೆ ದರ್ಶನವಾಗದು. 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯರ ಸಾಮಂತರಾಗಿದ್ದ ಸಿಂದ ಮನೆತನದವರು ಕುರುಗೋಡನ್ನು ರಾಜಧಾನಿ ಮಾಡಿಕೊಂಡು ಆಳಿದರು. ಅವರ ಕಾಲದ ಕಲ್ಲಿನ ಗುಡಿಗಳು ಗುಡ್ಡದ ಮಗ್ಗುಲಲ್ಲಿ ಇಂದಿಗೂ ನಿಂತಿವೆ. ಅದೇ ಚಾಲುಕ್ಯರ ಕಾಲದಲ್ಲಿ ಅಯ್ಯಾವೊಳೆ ಐನೂರ್ವರು ಎಂಬ ವ್ಯಾಪಾರಿಗಳ ಸಂಘ ಕನ್ನಡ ನಾಡನ್ನು ದಾಟಿ ದಕ್ಷಿಣದ ಉದ್ದಗಲಕ್ಕೂ ಹಬ್ಬಿತ್ತು. ಒಂಟಿ ವ್ಯಾಪಾರಿಗೆ ದೂರದ ದಾರಿ ಕಷ್ಟ, ಬೆನ್ನಿಗೆ ನಾಲ್ಕು ಜನ ಬೇಕು ಎಂಬುದನ್ನು ಆ ಕಾಲದವರೇ ಅರಿತಿದ್ದರು.

ಆ ಮಾತು ಇಂದಿಗೂ ಸುಳ್ಳಲ್ಲ. ಕುರುಗೋಡಿನಂತಹ ಊರಿನಲ್ಲಿ ಓದಿದ ಹುಡುಗನೋ ಹುಡುಗಿಯೋ ಸ್ವಂತ ಉದ್ಯಮ ಆರಂಭಿಸುತ್ತೇನೆಂದರೆ ಬೆನ್ನಿಗೆ ನಿಲ್ಲುವವರು ಯಾರು? 'ಸ್ಟಾರ್ಟಪ್' ಎಂಬ ಪದ ಈಗ ಮನೆಮನೆಯ ಮಾತಾಗಿದೆ. ಆದರೆ ಅದು ಬೆಂಗಳೂರಿನ ಗಾಜಿನ ಕಟ್ಟಡಗಳಿಗೆ, ಇಂಗ್ಲಿಷ್ ಬಲ್ಲವರಿಗೆ, ದುಡ್ಡಿದ್ದವರ ಮಕ್ಕಳಿಗೆ ಸೇರಿದ್ದು ಎಂಬ ಭಾವನೆ ಮಾತ್ರ ಹಳ್ಳಿ, ಪಟ್ಟಣಗಳ ತಂದೆತಾಯಂದಿರ ಮನಸ್ಸಿನಿಂದ ಹೋಗಿಲ್ಲ. ನಿಜಸ್ಥಿತಿ ಬೇರೆಯೇ ಇದೆ. ಕಾಸು ತೆಗೆದುಕೊಳ್ಳದೆ ತರಬೇತಿ ಕೊಡುವ, ಸಲಹೆ ಹೇಳುವ, ನೋಂದಣಿ ಮಾಡಿಕೊಡುವ ಬಾಗಿಲುಗಳು ಅನೇಕ ಇವೆ. ಅವು ಎಲ್ಲಿವೆ, ಯಾವುದರ ಒಳಗೆ ಏನಿದೆ ಎಂಬುದು ತಿಳಿಯದೆ ಹೋಗುವುದೇ ದೊಡ್ಡ ನಷ್ಟ.

ಹೊಲದಲ್ಲಿ ಬೆಳೆ, ಬೇರೆ ಊರಲ್ಲಿ ಬೆಲೆ

ಈ ಸೀಮೆಯ ಬದುಕು ನಿಂತಿರುವುದು ನೀರಿನ ಮೇಲೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರೆಸ್ಟ್ ಗೇಟಿನ ಚೈನ್ ಕಡಿದು ಗೇಟು ಕೊಚ್ಚಿಹೋದಾಗ, ನದಿಗೆ ಹರಿದುಹೋಗುತ್ತಿದ್ದ ನೀರನ್ನು ನೆನೆದು ಈ ಭಾಗದ ಮನೆಗಳಲ್ಲಿ ನಿದ್ದೆ ಬರಲಿಲ್ಲ. ನೀರು ಸಿಕ್ಕಿ ಬೆಳೆ ಬಂದರೂ ಬೆಲೆಯ ಚಿಂತೆ ತಪ್ಪದು. ಬಳ್ಳಾರಿ ಸೀಮೆಯ ಒಣಮೆಣಸಿನಕಾಯಿ ಲಾರಿ ಏರಿ ಹಾವೇರಿ ಜಿಲ್ಲೆಯ ಬ್ಯಾಡಗಿ ಮಾರುಕಟ್ಟೆಗೆ ಹೋಗಬೇಕು. 2024ರ ಮಾರ್ಚ್‌ನಲ್ಲಿ ದರ ದಿಢೀರನೆ ಕುಸಿದಾಗ ಅಲ್ಲಿ ರೈತರ ಸಿಟ್ಟು ಬೆಂಕಿಯಾಗಿ ಹೊತ್ತಿಕೊಂಡದ್ದನ್ನು ನಾಡೇ ಕಂಡಿತು.

ಅಂಜೂರದ ಕಥೆ ಇನ್ನೂ ನಾಜೂಕಿನದು. ಕಳಿತ ಹಣ್ಣು ಒಂದೆರಡು ದಿನಕ್ಕಿಂತ ಹೆಚ್ಚು ತಡೆಯದು. ಬೆಳೆದವನಿಗೆ ಕಾಯುವ ಪುರುಸೊತ್ತಿಲ್ಲವಾದ್ದರಿಂದ ಕೊಳ್ಳುವವನು ಹೇಳಿದ್ದೇ ಬೆಲೆ. ಇತ್ತ ಅಂಗಡಿಗಳಲ್ಲಿ ಗ್ರಾಂ ಲೆಕ್ಕದಲ್ಲಿ ಮಾರುವ ಒಣ ಅಂಜೂರ ಬಹುಪಾಲು ಅಫ್ಘಾನಿಸ್ತಾನದಿಂದ ಬರುತ್ತದೆ. ನಮ್ಮ ತೋಟದ ಹಣ್ಣು ಬುಟ್ಟಿಯಲ್ಲಿ ಮೆತ್ತಗಾಗುತ್ತಿರುವಾಗ ಹೊರದೇಶದ ಹಣ್ಣು ಪೊಟ್ಟಣದಲ್ಲಿ ಮಿಂಚುತ್ತಿರುತ್ತದೆ. ಒಬ್ಬ ಉದ್ಯಮಿ ಕಾಣಬೇಕಾದ ಅವಕಾಶ ಇರುವುದು ಈ ಎರಡರ ನಡುವೆ.

ಕುರುಗೋಡಿನ ರೈತ ಕುಟುಂಬವೊಂದರ ಮಗಳು ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದಾಳೆ, ಅಂಜೂರ ಒಣಗಿಸಿ ಪೊಟ್ಟಣ ಕಟ್ಟಿ ಮಾರುವ ಆಲೋಚನೆ ಅವಳಿಗೆ ಬಂದಿದೆ ಎಂದು ಇಟ್ಟುಕೊಳ್ಳೋಣ. ಮನೆಯಲ್ಲಿ ನಡೆಯುವ ಮಾತುಕತೆಯನ್ನು ಊಹಿಸುವುದು ಕಷ್ಟವಲ್ಲ. 'ಮೊದಲು ಒಂದು ನೌಕರಿ ಹಿಡಿಯವ್ವಾ, ಆಮೇಲೆ ಏನಾರ ಮಾಡುವಿಯಂತೆ' ಎನ್ನುತ್ತಾಳೆ ತಾಯಿ. 'ದುಡ್ಡು ಎಲ್ಲಿಂದ ತರೋದು? ಹೊಲ ಒತ್ತೆ ಇಡಬೇಕೇನು?' ಎಂಬುದು ತಂದೆಯ ಪ್ರಶ್ನೆ. ಎರಡೂ ನ್ಯಾಯವಾದ ಮಾತುಗಳೇ. ಮೂರು ಎಕರೆ ಹೊಲವಿದ್ದವನಿಗೆ ಆ ಹೊಲವೇ ವಿಮೆ, ಹೊಲವೇ ಪಿಂಚಣಿ. ಅದನ್ನು ಮಗಳ ಕನಸಿಗೆ ಅಡವಿಡು ಎಂದು ಯಾರೂ ಹೇಳಬಾರದು. ಹೊಲವನ್ನು ಮುಟ್ಟದೆ ಆಕೆ ಎಷ್ಟು ದೂರ ನಡೆಯಬಲ್ಲಳು ಎಂಬುದನ್ನೇ ನೋಡಬೇಕು.

ಮೊದಲ ಬಾಗಿಲು ಶಾಲೆಯಲ್ಲಿ

ಉದ್ಯಮದ ಪಾಠ ಪದವಿ ಮುಗಿದ ಮೇಲೆ ಆರಂಭವಾಗಬೇಕಿಲ್ಲ. ಕೇಂದ್ರ ಸರ್ಕಾರ 2016ರಲ್ಲಿ ಆರಂಭಿಸಿದ ಅಟಲ್ ಇನ್ನೊವೇಶನ್ ಮಿಷನ್ ಅಡಿಯಲ್ಲಿ ದೇಶದ 10,000 ಶಾಲೆಗಳಲ್ಲಿ 'ಅಟಲ್ ಟಿಂಕರಿಂಗ್ ಲ್ಯಾಬ್' ಎಂಬ ಪ್ರಯೋಗಶಾಲೆಗಳು ಬಂದವು. 6ರಿಂದ 12ನೇ ತರಗತಿಯವರೆಗಿನ ಮಕ್ಕಳು ಇಲ್ಲಿ ಸೆನ್ಸರ್, ಮೋಟಾರು, ತ್ರೀಡಿ ಪ್ರಿಂಟರುಗಳನ್ನು ಕೈಯಲ್ಲಿ ಹಿಡಿದು, ಬಿಚ್ಚಿ, ಜೋಡಿಸಿ ಕಲಿಯಬಹುದು. ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿವರೆಗೆ ಅನುದಾನ ಸಿಗುವ ಯೋಜನೆ ಇದು. 2025ರ ಕೇಂದ್ರ ಬಜೆಟ್‌ನಲ್ಲಿ ಮುಂದಿನ ಐದು ವರ್ಷಗಳಲ್ಲಿ ಸರ್ಕಾರಿ ಶಾಲೆಗಳಿಗೆ ಇನ್ನೂ 50,000 ಲ್ಯಾಬ್‌ಗಳನ್ನು ಕೊಡುವ ಘೋಷಣೆಯಾಯಿತು. ಮಕ್ಕಳ ಅಂಕಪಟ್ಟಿ ನೋಡಲು ಶಾಲೆಗೆ ಹೋಗುವ ಪಾಲಕರು 'ನಮ್ಮ ಶಾಲೆ ಇದಕ್ಕೆ ಅರ್ಜಿ ಹಾಕಿದೆಯೇ?' ಎಂದು ಮುಖ್ಯೋಪಾಧ್ಯಾಯರನ್ನು ಒಂದು ಮಾತು ಕೇಳಿದರೆ ತಪ್ಪಿಲ್ಲ. ಕೇಳುವವರಿದ್ದ ಕಡೆ ಕೆಲಸ ಬೇಗ ಆಗುತ್ತದೆ.

ಕಾಲೇಜಿನ ಮಕ್ಕಳಿಗೆ ಇನ್ನೊಂದು ಬಾಗಿಲು ಅಂಗೈಯಲ್ಲೇ ಇದೆ. 2017ರಲ್ಲಿ ಆರಂಭವಾದ 'ಸ್ವಯಂ' ಜಾಲತಾಣದಲ್ಲಿ ಐಐಟಿಯಂತಹ ಸಂಸ್ಥೆಗಳ ಪ್ರಾಧ್ಯಾಪಕರ ಪಾಠಗಳನ್ನು ಶುಲ್ಕವಿಲ್ಲದೆ ಕೇಳಬಹುದು. ಪ್ರಮಾಣಪತ್ರದ ಪರೀಕ್ಷೆ ಬರೆಯುವುದಾದರೆ ಮಾತ್ರ ಶುಲ್ಕ. ಲೆಕ್ಕ ಬರೆಯುವುದು, ಮಾರುಕಟ್ಟೆ ಅಳೆಯುವುದು, ಆಹಾರ ಸಂಸ್ಕರಣೆ ಮುಂತಾದ ವಿಷಯಗಳು ಅಲ್ಲಿ ಸಿಗುತ್ತವೆ. ಇಂಗ್ಲಿಷ್ ಪಾಠ ಒಮ್ಮೆಗೆ ತಲೆಗೆ ಹತ್ತದಿದ್ದರೆ ನಿಲ್ಲಿಸಿ, ಹಿಂದಕ್ಕೆ ತಿರುಗಿಸಿ ಮತ್ತೆ ಕೇಳುವ ಅನುಕೂಲವೂ ಇದೆ. ತರಗತಿಯ ಮೇಷ್ಟ್ರಲ್ಲಿ ಆ ಸವಲತ್ತು ಎಲ್ಲಿ ಸಿಗಬೇಕು!

ಬಳ್ಳಾರಿಯ ಬಸ್ಸು ಹತ್ತಿದರೆ

ಮುಂದಿನ ಬಾಗಿಲುಗಳಿಗೆ ಬಳ್ಳಾರಿಯ ಬಸ್ಸು ಹತ್ತಬೇಕು. 2023ರ ಜೂನ್ 11ರಂದು ಜಾರಿಗೆ ಬಂದ 'ಶಕ್ತಿ' ಯೋಜನೆಯಿಂದ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಟಿಕೆಟ್ಟಿನ ಖರ್ಚಿಲ್ಲ. ನಮ್ಮ ಅಂಜೂರದ ಹುಡುಗಿಗೆ ಇದು ಸಣ್ಣ ಸಂಗತಿಯಲ್ಲ. ಸರ್ಕಾರಿ ಕಚೇರಿಯ ಕೆಲಸ ಒಂದೇ ಸಲಕ್ಕೆ ಮುಗಿಯುವುದು ಅಪರೂಪ. ನಾಲ್ಕು ಸಲ ತಿರುಗಬೇಕಾದರೆ ನಾಲ್ಕೂ ಸಲ ತಾಯಿಯನ್ನು ಜೊತೆಗೆ ಕರೆದುಕೊಂಡು ಹೋಗಬಹುದು.

ಬಸ್ಸು ನಗರ ಸಮೀಪಿಸುತ್ತಿದ್ದಂತೆ ಕೋಟೆಯ ಗುಡ್ಡ ಎದ್ದು ಕಾಣುತ್ತದೆ. ಬಳ್ಳಾರಿ ಕೈಗಾರಿಕೆಗೆ ಹೊಸಬರ ಊರಲ್ಲ. ನಗರದ ಹೊರವಲಯದ ಸಂಗನಕಲ್ಲು, ಕುಪ್ಪಗಲ್ಲು ಗುಡ್ಡಗಳಲ್ಲಿ ನಾಲ್ಕು ಸಾವಿರ ವರ್ಷಗಳ ಹಿಂದೆಯೇ ನವಶಿಲಾಯುಗದ ಜನ ಕಪ್ಪುಕಲ್ಲನ್ನು ಒಡೆದು, ಉಜ್ಜಿ, ಕೊಡಲಿಗಳನ್ನು ರಾಶಿರಾಶಿಯಾಗಿ ತಯಾರಿಸುತ್ತಿದ್ದರು. ಅದು ಒಂದು ಮನೆಯ ಬಳಕೆಗೆ ಆಗುವಷ್ಟಲ್ಲ, ಕಾರ್ಖಾನೆಯ ಪ್ರಮಾಣದ ಕೆಲಸ ಎಂದು ಪ್ರಾಕ್ತನಶಾಸ್ತ್ರಜ್ಞರು ಗುರುತಿಸಿದ್ದಾರೆ. ಇಂದಿನ ಬಳ್ಳಾರಿ ಜೀನ್ಸ್ ಉಡುಪಿಗೆ ಹೆಸರುವಾಸಿ. ಮಹಾಯುದ್ಧದ ಕಾಲದಲ್ಲಿ ಸೈನಿಕರ ಸಮವಸ್ತ್ರ ಹೊಲಿಯುತ್ತಿದ್ದ ದರ್ಜಿಗಳಿಂದ ಈ ಕಸುಬು ಬೆಳೆಯಿತೆಂದು ಊರಿನ ಹಿರಿಯರು ಹೇಳುತ್ತಾರೆ. ಅಂಗಳದಲ್ಲಿ ಎರಡು ಮಷಿನ್ ಇಟ್ಟುಕೊಂಡವರು ಇಪ್ಪತ್ತು ಮಷಿನ್‌ನವರಾದರು. ಅವರಿಗೆ ಯಾವ ಯೋಜನೆಯ ಕೈಪಿಡಿಯೂ ಇರಲಿಲ್ಲ. ಚಿಕ್ಕಪ್ಪನೋ ಸೋದರಮಾವನೋ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದ ವಿದ್ಯೆಯೇ ಅವರ ಬಂಡವಾಳ. ಅಂತಹ ಮಾವಂದಿರು ಎಲ್ಲರಿಗೂ ಇರುವುದಿಲ್ಲ. ಇಲ್ಲದವರಿಗಾಗಿಯೇ ಕೆಲವು ಸಂಸ್ಥೆಗಳಿವೆ.

ಅವುಗಳಲ್ಲಿ ಮೊದಲು ಹೇಳಬೇಕಾದದ್ದು ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆ, ಜನರ ಬಾಯಲ್ಲಿ 'ಆರ್‌ಸೆಟಿ'. ಇದರ ಬೇರು ಕನ್ನಡ ನೆಲದಲ್ಲೇ ಇದೆ. 1982ರಲ್ಲಿ ಧರ್ಮಸ್ಥಳದ ಧರ್ಮಾಧಿಕಾರಿ ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕುಗಳ ಜೊತೆಗೂಡಿ ಉಜಿರೆಯಲ್ಲಿ 'ರುಡ್‌ಸೆಟ್' ಸಂಸ್ಥೆಯನ್ನು ಸ್ಥಾಪಿಸಿದರು. ನಿರುದ್ಯೋಗಿ ಯುವಕರಿಗೆ ಊಟ, ವಸತಿ ಸಹಿತ ಉಚಿತವಾಗಿ ಕಸುಬು ಮತ್ತು ವ್ಯವಹಾರ ಎರಡನ್ನೂ ಕಲಿಸುವುದು ಅದರ ಕ್ರಮ. ಆ ಮಾದರಿಯನ್ನು ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯ ಮೆಚ್ಚಿಕೊಂಡು, ಬ್ಯಾಂಕುಗಳ ಮೂಲಕ ಜಿಲ್ಲೆಗೊಂದರಂತೆ ದೇಶಕ್ಕೆಲ್ಲ ಹರಡಿತು. ಬಳ್ಳಾರಿ ಜಿಲ್ಲೆಗೂ ಅದರ ಪ್ರಯೋಜನ ಸಿಕ್ಕಿದೆ. ತರಬೇತಿ ಮುಗಿದ ಮೇಲೆ ಅಭ್ಯರ್ಥಿಯನ್ನು ಕೈಬಿಡದೆ ಎರಡು ವರ್ಷ ವಿಚಾರಿಸಿಕೊಳ್ಳುವುದು, ಬ್ಯಾಂಕ್ ಸಾಲ ಸಿಗುವಂತೆ ನೋಡಿಕೊಳ್ಳುವುದು ಈ ಸಂಸ್ಥೆಗಳ ವಿಶೇಷ. ಹದಿನೆಂಟು ತುಂಬಿದ ಗ್ರಾಮೀಣ ಯುವಜನ ಅರ್ಜಿ ಹಾಕಬಹುದು.

ಎರಡನೆಯದು ಜಿಲ್ಲಾ ಕೈಗಾರಿಕಾ ಕೇಂದ್ರ. 1978ರಲ್ಲಿ ದೇಶದಾದ್ಯಂತ ಈ ಕೇಂದ್ರಗಳನ್ನು ತೆರೆಯುವ ಯೋಜನೆ ಆರಂಭವಾದಾಗ, ಸಣ್ಣ ಉದ್ಯಮಿ ಹತ್ತು ಕಚೇರಿ ಅಲೆಯುವುದು ತಪ್ಪಿ ಒಂದೇ ಸೂರಿನಡಿ ಕೆಲಸವಾಗಲಿ ಎಂಬ ಉದ್ದೇಶವಿತ್ತು. ಪ್ರಧಾನಮಂತ್ರಿಗಳ ಉದ್ಯೋಗ ಸೃಜನ ಕಾರ್ಯಕ್ರಮದಂತಹ ಯೋಜನೆಗಳಿಗೆ ದಾರಿ ಇಲ್ಲಿಂದಲೇ. ಧಾರವಾಡದಲ್ಲಿ 1992ರಲ್ಲಿ ಸ್ಥಾಪನೆಯಾದ ಕರ್ನಾಟಕ ಉದ್ಯಮಶೀಲತಾಭಿವೃದ್ಧಿ ಕೇಂದ್ರ, ಅಂದರೆ 'ಸಿಡಾಕ್', ಉದ್ಯಮ ಆರಂಭಿಸುವವರಿಗೆ ಕನ್ನಡದಲ್ಲೇ ಶಿಬಿರಗಳನ್ನು ನಡೆಸುತ್ತ ಬಂದಿದೆ. 'ನನಗೆ ಇಂಗ್ಲಿಷ್ ಬರುವುದಿಲ್ಲ' ಎಂದು ಹಿಂಜರಿಯುವವರು ಮೊದಲು ವಿಚಾರಿಸಬೇಕಾದ ಸ್ಥಳ ಇದು.

ಅಂಜೂರಕ್ಕೆ ಸಿಕ್ಕ ಪಟ್ಟ

ಇನ್ನು ಹುಡುಗಿಯ ಅಂಜೂರದ ವಿಷಯ. ಬಳ್ಳಾರಿ ನಗರದಿಂದ ಪೂರ್ವಕ್ಕೆ ವೇದಾವತಿಯ ದಡದಲ್ಲಿ ಹಗರಿ ಇದೆ. ಇಲ್ಲಿಯ ಜನರಿಗೆ ನದಿಯ ಹೆಸರೂ ಹಗರಿಯೇ. ಬ್ರಿಟಿಷರ ಕಾಲದಿಂದ ಕೃಷಿ ಸಂಶೋಧನೆ ನಡೆಯುತ್ತಿರುವ ಸ್ಥಳ ಅದು. ಅಲ್ಲಿಯ ಕೃಷಿ ವಿಜ್ಞಾನ ಕೇಂದ್ರದ ತಜ್ಞರೊಂದಿಗೆ ಬೆಳೆಯ ಬಗ್ಗೆ, ಕೊಯ್ಲಿನ ನಂತರದ ಸಂಸ್ಕರಣೆಯ ಬಗ್ಗೆ ಮಾತನಾಡಲು ರೈತರು ಸಂಕೋಚಪಡಬೇಕಿಲ್ಲ. ಭತ್ತದ ಬೆಳೆಗೆ, ಅಕ್ಕಿ ಗಿರಣಿಗಳಿಗೆ ಹೆಸರಾದ ಸಿರುಗುಪ್ಪದಲ್ಲೂ ಕೃಷಿ ಸಂಶೋಧನಾ ಕೇಂದ್ರವಿದೆ. ಎರಡೂ ರಾಯಚೂರು ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯದ ಮನೆಗೆ ಸೇರಿದವು.

2020ರಲ್ಲಿ ಕೇಂದ್ರ ಸರ್ಕಾರ ಕಿರು ಆಹಾರ ಸಂಸ್ಕರಣಾ ಘಟಕಗಳಿಗಾಗಿ ಒಂದು ಯೋಜನೆ ತಂದು, ಪ್ರತಿ ಜಿಲ್ಲೆಗೆ ಒಂದು ಉತ್ಪನ್ನವನ್ನು ಆರಿಸಿತು. ತುಮಕೂರಿಗೆ ತೆಂಗು, ಕೊಡಗಿಗೆ ಕಾಫಿ, ಬಳ್ಳಾರಿಗೆ ಅಂಜೂರ! ಯೋಜನಾ ವೆಚ್ಚದ ಶೇ 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿ ಸಹಾಯಧನ ಕೇಂದ್ರದ ಲೆಕ್ಕ. ಕರ್ನಾಟಕ ಸರ್ಕಾರ ಇದಕ್ಕೆ ಇನ್ನೂ ಶೇ 15 ಸೇರಿಸಿ ಅರ್ಧದಷ್ಟು ಭಾರ ಇಳಿಸಿತು. ಅರ್ಜಿ ತಯಾರಿಸಲು, ಯೋಜನಾ ವರದಿ ಬರೆಯಲು, ಬ್ಯಾಂಕಿನ ಬಾಗಿಲಿಗೆ ಜೊತೆಗೆ ಬರಲು ಜಿಲ್ಲಾ ಸಂಪನ್ಮೂಲ ವ್ಯಕ್ತಿಗಳನ್ನು ನೇಮಿಸಲಾಯಿತು. ಅವರ ಸಂಭಾವನೆ ಸರ್ಕಾರದ್ದು, ಅರ್ಜಿದಾರರದ್ದಲ್ಲ. 2025-26ರ ಹಣಕಾಸು ವರ್ಷದವರೆಗೆ ವಿಸ್ತರಣೆಯಾದ ಯೋಜನೆ ಇದಾದ್ದರಿಂದ, ಮುಂದೇನು ಎಂಬುದನ್ನು ಅರ್ಜಿಗೆ ಮುನ್ನ ಕೃಷಿ ಇಲಾಖೆಯಲ್ಲಿ ಕೇಳಿ ತಿಳಿಯುವುದು ಜಾಣತನ. ಯೋಜನೆಗಳು ಬರುತ್ತವೆ, ಹೋಗುತ್ತವೆ, ಹೆಸರು ಬದಲಿಸುತ್ತವೆ. ವಿಚಾರಿಸುವ ಅಭ್ಯಾಸ ಒಂದಿದ್ದರೆ ಹೊಸದು ಬಂದಾಗಲೂ ತಿಳಿಯುತ್ತದೆ.

ಹುಬ್ಬಳ್ಳಿಯ ರೈಲು, ಬೆಂಗಳೂರಿನ ಕರೆ

ಎಲ್ಲರ ಕನಸೂ ಅಂಜೂರದ್ದಾಗಿರುವುದಿಲ್ಲ. ಎಂಜಿನಿಯರಿಂಗ್ ಓದುವ ಹುಡುಗನೊಬ್ಬ ಕಾಲುವೆ ನೀರಿನ ಮಟ್ಟ ಅಳೆಯುವ ಯಂತ್ರವನ್ನೋ, ಜೀನ್ಸ್ ತೊಳೆದ ನೀರನ್ನು ಶುದ್ಧಿಮಾಡುವ ಉಪಾಯವನ್ನೋ ಕಂಡುಹಿಡಿಯಬಹುದು. ಅಂತಹವರು ಹೊಸಪೇಟೆ, ಕೊಪ್ಪಳ, ಗದಗ ದಾಟಿ ಹುಬ್ಬಳ್ಳಿಗೆ ಹೋಗುವ ರೈಲು ಹತ್ತಬಹುದು. ಹುಬ್ಬಳ್ಳಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ದೂರಸಂಪರ್ಕ ಕಂಪನಿಗಳನ್ನು ಕಟ್ಟಿದ ಗುರುರಾಜ ದೇಶಪಾಂಡೆ ಅವರ ಪ್ರೇರಣೆಯಿಂದ ಅಲ್ಲಿ 'ದೇಶಪಾಂಡೆ ಸ್ಟಾರ್ಟಪ್ಸ್' ಎಂಬ ಇನ್‌ಕ್ಯುಬೇಟರ್ ಬೆಳೆದಿದೆ. ಇನ್‌ಕ್ಯುಬೇಟರ್ ಎಂದರೆ ಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆ. ಹೊಸ ಉದ್ಯಮಕ್ಕೆ ಕೂರಲು ಜಾಗ, ಉಪಕರಣ, ಅನುಭವಸ್ಥರ ಸಲಹೆ ಕೊಟ್ಟು ಮರಿ ಹೊರಬರುವವರೆಗೆ ಕಾಯುವುದು ಅದರ ಕೆಲಸ. ಇಂತಹ ಕೇಂದ್ರಗಳೆಲ್ಲ ಪೂರ್ತಿ ಉಚಿತವಲ್ಲ ಎಂಬುದನ್ನೂ ತಿಳಿದಿರಬೇಕು. ಕೆಲವು ಬಾಡಿಗೆ ಕೇಳುತ್ತವೆ, ಕೆಲವು ಕಂಪನಿಯಲ್ಲಿ ಸಣ್ಣ ಪಾಲು ಕೇಳುತ್ತವೆ. ಸಹಿ ಹಾಕುವ ಮುನ್ನ ಕಾಗದವನ್ನು ಪೂರ್ತಿ ಓದಬೇಕು.

ಕರ್ನಾಟಕ 2015ರಲ್ಲೇ ಪ್ರತ್ಯೇಕ ನವೋದ್ಯಮ ನೀತಿ ರೂಪಿಸಿದ ರಾಜ್ಯ. ಬೆಂಗಳೂರಿನ ಹೊರಗಿನ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ವಿದ್ಯಾರ್ಥಿಗಳ ಆಯ್ದ ಯೋಜನೆಗಳಿಗೆ 3 ಲಕ್ಷ ರೂಪಾಯಿವರೆಗೆ ನೆರವು ಕೊಡುವ ವ್ಯವಸ್ಥೆ ಆ ನೀತಿಯಲ್ಲಿ ಬಂದಿತು. 2017ರಲ್ಲಿ ಆರಂಭವಾದ 'ಎಲಿವೇಟ್' ಸ್ಪರ್ಧೆಯಲ್ಲಿ ಆಯ್ಕೆಯಾದ ನವೋದ್ಯಮಕ್ಕೆ 50 ಲಕ್ಷ ರೂಪಾಯಿವರೆಗೆ ಅನುದಾನ. ಇದು ಸಾಲವಲ್ಲ, ಸರ್ಕಾರ ಕಂಪನಿಯಲ್ಲಿ ಪಾಲನ್ನೂ ಕೇಳುವುದಿಲ್ಲ. ತೀರ್ಪುಗಾರರ ಮುಂದೆ ನಿಂತು ತನ್ನ ಯೋಚನೆಯನ್ನು ವಿವರಿಸಿ ಗೆಲ್ಲಬೇಕು ಅಷ್ಟೆ. ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆಂದೇ ಇದರ ಪ್ರತ್ಯೇಕ ಸುತ್ತುಗಳು ನಡೆದಿವೆ. ಬಳ್ಳಾರಿ ಆ ಜಿಲ್ಲೆಗಳಲ್ಲಿ ಒಂದು.

ಕೇಂದ್ರದ 'ಸ್ಟಾರ್ಟಪ್ ಇಂಡಿಯಾ' 2016ರ ಜನವರಿ 16ರಂದು ಆರಂಭವಾಯಿತು. ಅದರ ಮಾನ್ಯತೆ ಪಡೆಯಲು ಶುಲ್ಕವಿಲ್ಲ. ಒಬ್ಬರೇ ಮಾಲೀಕರ ಅಂಗಡಿಗೆ ಈ ಮಾನ್ಯತೆ ಸಿಗದು; ಖಾಸಗಿ ಕಂಪನಿಯೋ, ನೋಂದಾಯಿತ ಪಾಲುದಾರಿಕೆಯೋ ಇರಬೇಕು ಮತ್ತು ಮಾಡುವ ಕೆಲಸದಲ್ಲಿ ಹೊಸತನ ಇರಬೇಕು. ಮಾನ್ಯತೆ ಪಡೆದವರಿಗೆ ಪೇಟೆಂಟ್ ಅರ್ಜಿಯ ಶುಲ್ಕದಲ್ಲಿ ಶೇ 80 ರಿಯಾಯಿತಿ ಉಂಟು. 2025ರ ಜನವರಿಯ ಹೊತ್ತಿಗೆ ದೇಶದಲ್ಲಿ ಇಂತಹ ಮಾನ್ಯತೆ ಪಡೆದ ನವೋದ್ಯಮಗಳ ಸಂಖ್ಯೆ 1.59 ಲಕ್ಷ ದಾಟಿತ್ತು.

ಪೂಜಾರಿಯ ವರ

ದೇವರು ವರ ಕೊಟ್ಟರೂ ಪೂಜಾರಿ ವರ ಕೊಡನೆಂಬ ಗಾದೆ ಇದೆಯಲ್ಲ, ಅದು ಇಲ್ಲಿಯೂ ಸಲ್ಲುತ್ತದೆ. ಸರ್ಕಾರ ಉಚಿತವಾಗಿ ಕೊಟ್ಟದ್ದನ್ನು ನಡುವಿನವರು ಮಾರುವ ದಂಧೆ ಎಲ್ಲ ಊರಲ್ಲೂ ನಡೆಯುತ್ತದೆ. 2020ರ ಜುಲೈ 1ರಿಂದ ಜಾರಿಗೆ ಬಂದ 'ಉದ್ಯಮ್' ನೋಂದಣಿಗೆ ಕೇವಲ ಆಧಾರ್, ಪ್ಯಾನ್ ಸಾಕು. ಶುಲ್ಕ ಒಂದು ಪೈಸೆಯೂ ಇಲ್ಲ. ಆದರೂ ಸರ್ಕಾರದ್ದೇ ಎಂಬಂತೆ ಕಾಣುವ ಜಾಲತಾಣಗಳು ಇದಕ್ಕೆ ಸಾವಿರಾರು ರೂಪಾಯಿ ಕೀಳುವುದುಂಟು. ಸರ್ಕಾರಿ ತಾಣದ ವಿಳಾಸ 'ಗವ್ ಡಾಟ್ ಇನ್' ಎಂದು ಮುಗಿಯುತ್ತದೆ ಎಂಬ ಸಣ್ಣ ಸಂಗತಿ ಗೊತ್ತಿದ್ದರೆ ಈ ಹಣ ಉಳಿಯುತ್ತದೆ. 15 ಲಕ್ಷ ರೂಪಾಯಿವರೆಗಿನ ಅಧಿಕೃತ ಬಂಡವಾಳದ ಕಂಪನಿ ನೋಂದಣಿಗೂ ಕೇಂದ್ರ 2019ರಿಂದ ಶುಲ್ಕ ತೆಗೆದುಹಾಕಿದೆ. ಮುದ್ರಾಂಕ ಶುಲ್ಕ, ಡಿಜಿಟಲ್ ಸಹಿಯ ಖರ್ಚು, ಲೆಕ್ಕಪರಿಶೋಧಕರ ಸಂಭಾವನೆ ಬೇರೆ. ಯಾವುದಕ್ಕೆ ಎಷ್ಟು ಎಂದು ಬಿಡಿಸಿ ಬರೆಸಿಕೊಳ್ಳುವ ಹಕ್ಕು ಹಣ ಕೊಡುವವರಿಗೆ ಇದೆ.

ಪಾಲಕರು ತಿಳಿಯಬೇಕಾದ ಇನ್ನೊಂದು ಸಂಗತಿ ಸಬ್ಸಿಡಿಯದು. ಉದ್ಯೋಗ ಸೃಜನ ಕಾರ್ಯಕ್ರಮದ ಲೆಕ್ಕವನ್ನೇ ನೋಡೋಣ. ಈ ಯೋಜನೆಯಲ್ಲಿ ಗ್ರಾಮೀಣ ಪ್ರದೇಶದ ಮಹಿಳೆ 5 ಲಕ್ಷ ರೂಪಾಯಿಯ ಘಟಕ ಹೂಡಿದರೆ ಆಕೆ ಕೈಯಿಂದ ಹಾಕಬೇಕಾದದ್ದು ಶೇ 5, ಅಂದರೆ 25,000 ರೂಪಾಯಿ. ಸಹಾಯಧನ ಶೇ 35, ಅಂದರೆ 1.75 ಲಕ್ಷ. ಕೇಳಲು ಸೊಗಸಾಗಿದೆ. ಆದರೆ ಈ 1.75 ಲಕ್ಷ ಆಕೆಯ ಕೈಗೆ ಬರುವುದಿಲ್ಲ. ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿದ್ದು, ಘಟಕ ನಡೆಯುತ್ತಿದೆ ಎಂದು ಖಚಿತವಾದ ಮೇಲೆ ಸಾಲಕ್ಕೆ ವಜಾ ಆಗುತ್ತದೆ. 'ಸಬ್ಸಿಡಿ ಎತ್ತಿಕೊಂಡು ಆಮೇಲೆ ನೋಡಿದರಾಯಿತು' ಎನ್ನುವವರ ಮಾತು ಕೇಳಿ ಹೊರಟವರು ಕೊನೆಗೆ ಉಳಿಸಿಕೊಳ್ಳುವುದು ಸಾಲವನ್ನು ಮಾತ್ರ.

ಹಾಗಾದರೆ ಹೊಲದ ಪಹಣಿ ಬ್ಯಾಂಕಿಗೆ ಕೊಡಲೇಬೇಕೇ? ಸಣ್ಣ ಉದ್ಯಮಗಳ ಸಾಲಕ್ಕೆ ಖಾತರಿ ನಿಲ್ಲುವ ನಿಧಿಯೊಂದು 2000ದಿಂದಲೂ ಇದೆ. 2015ರ ಏಪ್ರಿಲ್‌ನಲ್ಲಿ ಬಂದ ಮುದ್ರಾ ಸಾಲಕ್ಕೂ ಆಸ್ತಿಯ ಅಡಮಾನ ಬೇಡ. ಬ್ಯಾಂಕಿನವರು ಆಸ್ತಿ ಪತ್ರ ಕೇಳಿದಾಗ 'ಖಾತರಿ ನಿಧಿಯಡಿ ಕೊಡಲು ಬರುವುದಿಲ್ಲವೇ?' ಎಂದು ವಿನಯದಿಂದ ಕೇಳಬಹುದು. ಈ ಒಂದು ಪ್ರಶ್ನೆಯ ಬೆಲೆ ಮೂರು ಎಕರೆ ಹೊಲ. ಆದರೆ ಅಡಮಾನವಿಲ್ಲದ ಸಾಲವೂ ಸಾಲವೇ. ಕಟ್ಟದಿದ್ದರೆ ಹೆಸರು ಕೆಡುತ್ತದೆ, ಮುಂದೆ ಯಾವ ಬ್ಯಾಂಕೂ ಹತ್ತಿರ ಸೇರಿಸದು.

ಪಕ್ಕದ ಗುಡ್ಡದ ಎತ್ತರ

ಬಳ್ಳಾರಿ ಕೋಟೆಯ ಬಗ್ಗೆ ಜನ ಹೇಳುವ ಕಥೆಯೊಂದಿದೆ. ಹೈದರಾಲಿ ಈ ಕೋಟೆಯನ್ನು ಫ್ರೆಂಚ್ ಎಂಜಿನಿಯರನಿಂದ ಬಲಪಡಿಸಿದನಂತೆ. ಕೆಲಸವೆಲ್ಲ ಮುಗಿದ ಮೇಲೆ ಪಕ್ಕದ ಕುಂಬಾರ ಗುಡ್ಡ ಕೋಟೆಗಿಂತ ಎತ್ತರವೆಂದೂ, ಅಲ್ಲಿ ಫಿರಂಗಿ ಇಟ್ಟರೆ ಕೋಟೆಗೆ ಉಳಿಗಾಲವಿಲ್ಲವೆಂದೂ ತಿಳಿಯಿತು. ಸಿಟ್ಟಾದ ಹೈದರ್ ಆ ಎಂಜಿನಿಯರನನ್ನು ಕೋಟೆಯ ಬಾಗಿಲಲ್ಲೇ ಗಲ್ಲಿಗೇರಿಸಿದನೆಂದು ಕಥೆ. ಚರಿತ್ರೆಯೋ ದಂತಕಥೆಯೋ, ಉದ್ಯಮ ಆರಂಭಿಸುವವರಿಗೆ ಇದರಲ್ಲಿ ಪಾಠವಂತೂ ಇದೆ. ಕಟ್ಟುವ ಮೊದಲು ಪಕ್ಕದ ಗುಡ್ಡದ ಎತ್ತರ ನೋಡಬೇಕು. ತನ್ನಂತೆಯೇ ಅಂಜೂರ ಒಣಗಿಸುವವರು ಎಷ್ಟು ಜನ, ಅಫ್ಘಾನಿಸ್ತಾನದ ಹಣ್ಣಿನ ಬೆಲೆ ಎಷ್ಟು, ಬಳ್ಳಾರಿಯ ಅಂಗಡಿಯವನು ಎಷ್ಟಕ್ಕೆ ಕೊಳ್ಳುತ್ತಾನೆ ಎಂಬುದನ್ನು ಯಂತ್ರ ತರುವ ಮೊದಲೇ ತಿಳಿಯಬೇಕು. ಇದಕ್ಕೆ ಯಾವ ಯೋಜನೆಯೂ ಬೇಡ. ಹತ್ತು ಕಿಲೋ ಹಣ್ಣನ್ನು ಮನೆಯ ಮಾಳಿಗೆಯ ಮೇಲೆ ಒಣಗಿಸಿ, ಪೊಟ್ಟಣ ಕಟ್ಟಿ, ಹತ್ತು ಅಂಗಡಿ ತಿರುಗಿದರೆ ಸಾಕು. ನಾಲ್ಕು ಅಂಗಡಿಯವರು ಮತ್ತೆ ಕೇಳಿದರೆ ಮುಂದುವರಿಯಬಹುದು. ಯಾರೂ ಕೇಳದಿದ್ದರೆ ಹತ್ತು ಕಿಲೋ ಹಣ್ಣಿನಲ್ಲೇ ಪಾಠ ಮುಗಿಯಿತು.

1981ರಲ್ಲಿ ಇನ್ಫೊಸಿಸ್ ಆರಂಭವಾದಾಗ, ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದಿದ ಸುಧಾ ಮೂರ್ತಿಯವರು ತಮ್ಮ ಉಳಿತಾಯದಿಂದ ಪತಿಗೆ 10,000 ರೂಪಾಯಿ ಕೊಟ್ಟದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ಅದು ಮನೆ ಮಾರಿ ತಂದ ಹಣವಲ್ಲ, ಕೂಡಿಟ್ಟ ಹಣ ಎಂಬುದನ್ನು ಪಾಲಕರು ಗಮನಿಸಬೇಕು. ಹೋದರೆ ಸಂಸಾರ ಮುಳುಗದಷ್ಟು ಹಣ, ಜೊತೆಗೆ ಇಂತಿಷ್ಟು ಕಾಲ ಎಂಬ ಗಡುವು, ಇವೆರಡನ್ನು ಮನೆಯವರು ಮಕ್ಕಳೊಂದಿಗೆ ಕೂತು ನಿಗದಿ ಮಾಡಿಕೊಂಡರೆ ಅರ್ಧ ಭಯ ಅಲ್ಲೇ ಕರಗುತ್ತದೆ. ಒಂದು ವರ್ಷ ಪ್ರಯತ್ನಿಸಿ ಸೋತವಳಿಗೆ ಲೆಕ್ಕ ಬರೆಯಲು, ಗಿರಾಕಿಯೊಡನೆ ಮಾತನಾಡಲು, ಬ್ಯಾಂಕಿನಲ್ಲಿ ವ್ಯವಹರಿಸಲು ಬಂದಿರುತ್ತದೆ. ನೌಕರಿಗೆ ಹೋದರೂ ಆ ವಿದ್ಯೆ ವ್ಯರ್ಥವಾಗದು.

ಉಚಿತವಾಗಿ ಸಿಗುವುದು ತರಬೇತಿ, ಸಲಹೆ, ನೋಂದಣಿ, ಅರ್ಜಿಯ ನಮೂನೆ. ಗಿರಾಕಿ ಉಚಿತವಾಗಿ ಸಿಗುವುದಿಲ್ಲ, ತಾಳ್ಮೆಯೂ ಸಿಗುವುದಿಲ್ಲ. ಅವೆರಡನ್ನು ಹುಡುಗಿ ತಾನೇ ಗಳಿಸಬೇಕು. ಅಷ್ಟರವರೆಗೆ ಹೊಲದ ಪಹಣಿ ಅಪ್ಪನ ಪೆಟ್ಟಿಗೆಯಲ್ಲೇ ಭದ್ರವಾಗಿರಲಿ. ಆಧಾರ್, ಪ್ಯಾನ್, ಅಂಕಪಟ್ಟಿ, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು, ಕೇಳಬೇಕಾದ ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಸೋಮವಾರ ಬೆಳಗಿನ ಬಳ್ಳಾರಿ ಬಸ್ಸು ಹತ್ತುವುದಕ್ಕೆ ಮಾತ್ರ ಯಾರ ಅಪ್ಪಣೆಗೂ ಕಾಯಬೇಕಿಲ್ಲ. ಜೊತೆಗೆ ಅಪ್ಪನೋ ಅವ್ವನೋ ಹೋದರೆ ಇನ್ನೂ ಒಳ್ಳೆಯದು. ಕಚೇರಿಯ ಮೆಟ್ಟಿಲು ಹತ್ತುವಾಗ ಪಕ್ಕದಲ್ಲಿ ತಮ್ಮವರೊಬ್ಬರು ಇದ್ದರೆ ಬರುವ ಧೈರ್ಯವನ್ನು ಯಾವ ಇಲಾಖೆಯೂ ಮಂಜೂರು ಮಾಡಲಾರದು.